ಹೆಗಲಿನಿಂದ ಸೊಂಟಕ್ಕೊಂದು ಪಟ್ಟಿ

ರಬಕವಿಯಿಂದ ಆರನೇ ಇಯತ್ತೆಯ ಹುಡುಗಿಯೊಬ್ಬಳು ಪತ್ರ ಬರೆದಿದ್ದಾಳೆ. ಅಕ್ಷರ ಮುತ್ತು ಪೋಣಿಸಿದಂತಿದೆ, ಮಾತು ಮಾತ್ರ ಬ್ಯಾಡಗಿ ಮೆಣಸಿನಕಾಯಿ. "ಅಜ್ಜಾರ, ವೋಲ್ವೋ ಅಂದ್ರ ಬಸ್ಸೋ, ಕಾರೋ? ನಮ್ಮ ಮುತ್ಯಾ ಬಸ್ಸು ಅಂತಾನ. ಪುಣೇದಾಗಿರೋ ನಮ್ಮ ಕಾಕಾ ಕಾರು ಅಂತಾನ. ನಾ ಮುತ್ಯಾನ ಕಡೆ. ಒಂದು ಪ್ಲೇಟ್ ಗಿರಮಿಟ್ಟು, ಎರಡು ಮಿರ್ಚಿ ಶರತ್ತು ಕಟ್ಟೇವಿ. ಲಗೂ ಬರೀರಿ."

ಲಗೂನೇ ಬರೆಯುತ್ತೇನೆ. ಗಿರಮಿಟ್ಟು ಆರಿದರೆ ಚೆನ್ನಾಗಿರುವುದಿಲ್ಲ.

ಮಗೂ, ನಿನ್ನ ಮುತ್ಯಾನ ತಪ್ಪಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕೂ ತಾಲ್ಲೂಕು ಸುತ್ತಿ ಬಂದರೂ ವೋಲ್ವೋ ಕಾರು ಕಣ್ಣಿಗೆ ಬೀಳುವುದು ಅಪರೂಪ. ಆದರೆ "ಬೆಂಗಳೂರಿಗೆ ವೋಲ್ವೋಕ್ಕ ಹೋದ್ಯೋ, ಕೆಂಪು ಬಸ್ಸಿಗೆ ಹೋದ್ಯೋ?" ಎಂಬ ಮಾತು ಕಟ್ಟೆಯ ಮೇಲೆ ದಿನವೂ ಕೇಳುತ್ತದೆ. ತಣ್ಣನೆ ಗಾಳಿ ಬೀಸುವ, ಕಿಟಕಿ ತೆರೆಯಲಾಗದ ಯಾವ ಬಸ್ಸಿಗೂ ನಮ್ಮವರು ಅದೇ ಹೆಸರಿಟ್ಟಿದ್ದಾರೆ, ಅದನ್ನು ಮಾಡಿದವರು ಬೇರೆ ಯಾರೇ ಇರಲಿ. ವನಸ್ಪತಿಗೆಲ್ಲ ಡಾಲ್ಡಾ ಎಂದವರಲ್ಲವೇ ನಾವು.

ಭಾರತದ ರಸ್ತೆಗೆ ವೋಲ್ವೋ ಬಸ್ಸು ಬಂದದ್ದು 2001ರಲ್ಲಿ. ಆಗ ನಮ್ಮ ಬಹುಪಾಲು ಬಸ್ಸುಗಳೆಂದರೆ ಲಾರಿಯ ಅಡಿಗಟ್ಟಿನ ಮೇಲೆ ಕೂರಿಸಿದ ಮನೆ. ಎಂಜಿನ್ ಚಾಲಕನ ಮಗ್ಗುಲಲ್ಲೇ ಗುಡುಗುತ್ತಿತ್ತು. ಅದರ ಮುಚ್ಚಳದ ಮೇಲೆ ಹಾಸಿದ ದಪ್ಪ ಹಾಸಿನ ಮೇಲೆ ಕೂತು ಬಂದವರ ನಡ ಇವತ್ತಿಗೂ ಆ ಕಾವು ಮರೆತಿಲ್ಲ. ಹೊಸ ಬಸ್ಸಿನ ಎಂಜಿನ್ ಹಿಂಬದಿಯಲ್ಲಿತ್ತು, ಗಾಲಿ ಮತ್ತು ಗಾಡಿಯ ನಡುವೆ ಗಾಳಿ ತುಂಬಿದ ಚೀಲಗಳಿದ್ದವು. ಕೆಎಸ್‌ಆರ್‌ಟಿಸಿ ಅದಕ್ಕೆ ಐರಾವತ ಎಂದು ಹೆಸರಿಟ್ಟಿತು. ದೇವೇಂದ್ರನ ಬಿಳಿ ಆನೆಯ ಹೆಸರು, ಒಪ್ಪುವಂಥದ್ದೇ.

ಆದರೆ ನಿನ್ನ ಕಾಕಾನೂ ಸುಳ್ಳು ಹೇಳಿಲ್ಲ. ವೋಲ್ವೋ ಹುಟ್ಟಿದ್ದೇ ಕಾರಾಗಿ.

ಅದಕ್ಕೂ ಮೊದಲು ಅದೊಂದು ಬರೀ ಹೆಸರು. ಬನಹಟ್ಟಿಯ ಮಕ್ಕಳಿಗೆ ಬೇರಿಂಗ್ ಎಂದರೇನೆಂದು ಹೇಳಿಕೊಡಬೇಕಿಲ್ಲ. ಪವರ್‌ಲೂಮ್ ಬಿಚ್ಚಿದಾಗ ಉಕ್ಕಿನ ಬಳೆಯೊಳಗೆ ಗುಂಡುಗಳಿರುವ ಆ ಸಾಮಾನನ್ನು ಎಲ್ಲರೂ ನೋಡಿದ್ದೀರಿ, ಕೆಟ್ಟದ್ದನ್ನು ತಂದು ಆಟದ ಗಾಡಿಯ ಗಾಲಿಯೂ ಮಾಡಿದ್ದೀರಿ. ಸ್ವೀಡನ್ ದೇಶದ ಗೋಥೆನ್‌ಬರ್ಗ್ ಊರಿನಲ್ಲಿ ಅಂಥ ಬೇರಿಂಗ್ ಮಾಡುವ ಎಸ್‌ಕೆಎಫ್ ಎಂಬ ಕಂಪನಿ ಇದೆ. ಅದು 1915ರಲ್ಲಿ ಒಂದು ಬಗೆಯ ಬೇರಿಂಗಿಗೆಂದು ವೋಲ್ವೋ ಎಂಬ ಹೆಸರು ನೋಂದಾಯಿಸಿತು. ಲ್ಯಾಟಿನ್ ಭಾಷೆಯಲ್ಲಿ ವೋಲ್ವೋ ಎಂದರೆ "ನಾನು ಉರುಳುತ್ತೇನೆ". ಗುಂಡು ಉರುಳುತ್ತದೆ, ಸರಿಯಾದ ಹೆಸರೇ. ಮುಂದೆ ಅದೇ ಕಂಪನಿಯಲ್ಲಿದ್ದ ಅಸ್ಸರ್ ಗೇಬ್ರಿಯಲ್ಸನ್ ಮತ್ತು ಎಂಜಿನಿಯರ್ ಗುಸ್ತಾಫ್ ಲಾರ್ಸನ್ ಸೇರಿ ಕಾರು ಮಾಡಲು ಹೊರಟಾಗ ಆ ಹೆಸರು ಕಾರಿಗೆ ಬಂತು.

ಮೊದಲ ಕಾರು ಕಾರ್ಖಾನೆಯಿಂದ ಹೊರಬಿದ್ದ ದಿನ 1927ರ ಏಪ್ರಿಲ್ 14. ಹೌದು ಮಕ್ಕಳೇ, ಅಂಬೇಡ್ಕರ್ ಜಯಂತಿಗೆ ನಿಮಗೆ ರಜೆ ಇರುತ್ತದಲ್ಲ, ಅದೇ ತಾರೀಖು. ಕಾರನ್ನು ಹೊರಗೆ ತರಲೆಂದು ಮೊದಲ ಗೇರು ಹಾಕಿದರೆ ಅದು ಮುಂದೆ ಹೋಗದೆ ಹಿಂದಕ್ಕೆ ಸರಿಯಿತಂತೆ! ಹಿಂದಿನ ಅಚ್ಚಿನ ಹಲ್ಲುಗಾಲಿಯನ್ನು ತಿರುವುಮುರುವಾಗಿ ಕೂರಿಸಿದ್ದರು ಎಂದು ಕತೆ ಹೇಳುತ್ತಾರೆ. ಬಿಚ್ಚಿ ಸರಿಪಡಿಸಿದರು.

ಇನ್ನು ಶರತ್ತಿನ ತೀರ್ಪು. 1999ರಲ್ಲಿ ವೋಲ್ವೋ ಮನೆ ಪಾಲಾಯಿತು. ಲಾರಿ, ಬಸ್ಸು ಮಾಡುವ ಹಳೆಯ ಮನೆ ಸ್ವೀಡನ್ನಿನಲ್ಲೇ ಉಳಿಯಿತು. ಕಾರಿನ ಪಾಲನ್ನು ಅಮೆರಿಕದ ಫೋರ್ಡ್ ಕೊಂಡಿತು, 2010ರಲ್ಲಿ ಅದು ಚೀನಾದ ಗೀಲಿ ಕಂಪನಿಯ ಕೈಗೆ ಹೋಯಿತು. ಅಣ್ಣತಮ್ಮಂದಿರು ಬೇರೆಯಾದರೂ ಮನೆತನದ ಹೆಸರು ಒಂದೇ. ಇಬ್ಬರೂ ನಮ್ಮ ಕರ್ನಾಟಕಕ್ಕೆ ಬಂದಿದ್ದಾರೆ, ಅದೂ ಒಂದೇ ಊರಿಗೆ. ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ 1998ರಿಂದ ಲಾರಿ ತಯಾರಾಗುತ್ತಿದೆ, 2017ರಿಂದ ಕಾರಿನ ಜೋಡಣೆಯೂ ಶುರುವಾಯಿತು. ಹೀಗಾಗಿ ಗಿರಮಿಟ್ಟು ಎರಡು ಪಾಲು, ತಲೆಗೊಂದು ಮಿರ್ಚಿ. ನಿನ್ನ ಪಾಲಿನದನ್ನು ಮುತ್ಯಾನ ಜೊತೆ ಹಂಚಿಕೊಳ್ಳುವುದು ನಿನಗೆ ಬಿಟ್ಟದ್ದು.

ಇಷ್ಟಕ್ಕೆ ಮುಗಿಸಬಹುದಿತ್ತು. ಆದರೆ ಪತ್ರದ ತುದಿಯಲ್ಲಿ ಇನ್ನೊಂದು ಸಾಲಿದೆ. "ವೋಲ್ವೋ ಕಾರಿನ್ಯಾಗ ಕುಂತವರಿಗಿ ಏನೂ ಆಗೂದಿಲ್ಲಂತ, ಖರೇನ?" ಗಿರಮಿಟ್ಟಿಗಿಂತ ಇದು ದೊಡ್ಡ ಪ್ರಶ್ನೆ.

ಓಟಕ್ಕೆ ಮುಧೋಳದ ನಾಯಿ, ಸೀರೆಗೆ ಇಳಕಲ್ಲು ಎನ್ನುವಂತೆ ಕಾರಿನ ಲೋಕದಲ್ಲಿ ಸುರಕ್ಷೆಗೆ ವೋಲ್ವೋ ಎನ್ನುವುದು ವಾಡಿಕೆ. ಆ ಹೆಸರು ಬಂದದ್ದು ಹೇಗೆಂದು ನೋಡಿದರೆ ದಪ್ಪ ತಗಡಿನಿಂದಲ್ಲ, ಒಂದು ಬಟ್ಟೆಯ ಪಟ್ಟಿಯಿಂದ.

ನಿಲ್ಸ್ ಬೋಲಿನ್ ಎಂಬ ಎಂಜಿನಿಯರ್ ಇದ್ದ. ಅವನ ಹಿಂದಿನ ಕೆಲಸ ಯುದ್ಧವಿಮಾನ ಮಾಡುವ ಕಂಪನಿಯಲ್ಲಿ. ಅಪಾಯ ಬಂದಾಗ ಪೈಲಟ್ಟನ್ನು ಕುರ್ಚಿ ಸಮೇತ ಹೊರಗೆ ಚಿಮ್ಮಿಸುವ ಏರ್ಪಾಡಿದೆಯಲ್ಲ, ಆ ಕುರ್ಚಿಗಳನ್ನು ಮಾಡುತ್ತಿದ್ದ. 1958ರಲ್ಲಿ ವೋಲ್ವೋ ಅವನನ್ನು ಕರೆದುಕೊಂಡಿತು. ಆ ಕಾಲದ ಕೆಲವು ಕಾರುಗಳಲ್ಲಿ ಸೊಂಟಕ್ಕೆ ಮಾತ್ರ ಸುತ್ತುವ ಪಟ್ಟಿ ಇರುತ್ತಿತ್ತು, ಉಡದಾರದ ಹಾಗೆ. ಡಿಕ್ಕಿಯಾದರೆ ಮೈ ಅಲ್ಲಿಂದ ಮಡಚಿ ತಲೆ ಮುಂದಕ್ಕೆ ಬಡಿಯುತ್ತಿತ್ತು, ಹೊಟ್ಟೆಯೊಳಗಿನ ಮೆತ್ತನೆಯ ಅಂಗಗಳಿಗೆ ಪೆಟ್ಟಾಗುತ್ತಿತ್ತು. ವಿಮಾನದ ಪೈಲಟ್ಟು ಏನು ಕಟ್ಟಿದರೂ ಕಟ್ಟಿಸಿಕೊಳ್ಳುತ್ತಾನೆ, ಕಾರಿನ ಜನ ಒಂದು ನಿಮಿಷವೂ ತೊಂದರೆ ತಾಳುವುದಿಲ್ಲ ಎಂಬುದು ಬೋಲಿನ್‌ಗೆ ಗೊತ್ತಿತ್ತು. ಒಂದೇ ಕೈಯಲ್ಲಿ ಹಾಕಿಕೊಳ್ಳುವಂತಿರಬೇಕು, ಅಂದರೇನೇ ಜನ ಹಾಕಿಕೊಳ್ಳುತ್ತಾರೆ.

ಅವನು ಕಂಡುಕೊಂಡದ್ದು ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಶಾಲೆಯ ಚೀಲವನ್ನು ಒಂದು ಹೆಗಲಿನಿಂದ ಎದೆಯ ಮೇಲೆ ಅಡ್ಡಲಾಗಿ ಹಾಕಿಕೊಳ್ಳುತ್ತೀರಲ್ಲ, ಹಾಗೆ ಒಂದು ಎಳೆ. ಅದೇ ಪಟ್ಟಿ ಸೊಂಟದ ಬದಿಯಲ್ಲಿ ತಿರುಗಿ ಉಡದಾರದಂತೆ ಇನ್ನೊಂದು ಎಳೆ. ಹಿಡಿದುಕೊಳ್ಳುವುದು ಮೂರು ಕಡೆ. ಪೆಟ್ಟಿನ ಭಾರ ಬೀಳುವುದು ಹೊಟ್ಟೆಯ ಮೇಲಲ್ಲ. ಹೆಗಲು, ಎದೆ, ಸೊಂಟದ ಎಲುಬು ಈ ಗಟ್ಟಿ ಜಾಗಗಳ ಮೇಲೆ. 1959ರ ಆಗಸ್ಟ್ 13ರಂದು ಈ ಪಟ್ಟಿ ಇದ್ದ ಮೊದಲ ವೋಲ್ವೋ ಕಾರು ಸ್ವೀಡನ್ನಿನ ಕ್ರಿಶ್ಚಿಯನ್‌ಸ್ಟಾಡ್ ಊರಿನ ಮಾರಾಟಗಾರರನ್ನು ತಲುಪಿತು.

ಇಲ್ಲಿ ವೋಲ್ವೋ ಒಂದು ದೊಡ್ಡ ಕೆಲಸ ಮಾಡಿತು. ಹೊಸದು ಕಂಡುಹಿಡಿದವರು ಪೇಟೆಂಟ್ ಪಡೆಯುತ್ತಾರೆ. ಅಂದರೆ ಬೇರೆಯವರು ಅದನ್ನು ಮಾಡಬೇಕಾದರೆ ಇವರನ್ನು ಕೇಳಬೇಕು, ದುಡ್ಡು ಕೊಡಬೇಕು. ವೋಲ್ವೋ ಪೇಟೆಂಟ್ ಪಡೆಯಿತು, ಆದರೆ ಯಾರು ಬೇಕಾದರೂ ಬಳಸಿರಿ ಎಂದು ಬಾಗಿಲು ತೆರೆದಿಟ್ಟಿತು. ಊರಿನ ಬಾವಿಗೆ ಬೀಗ ಹಾಕುವುದಿಲ್ಲವಲ್ಲ, ಹಾಗೆ. ಇವತ್ತು ಜಮಖಂಡಿಯ ಪೇಟೆಯಲ್ಲಿ ನಿಂತ ಯಾವ ಕಂಪನಿಯ ಕಾರಿನ ಬಾಗಿಲು ತೆಗೆದರೂ ಒಳಗೆ ಬೋಲಿನ್‌ನ ಪಟ್ಟಿ ಇರುತ್ತದೆ. ನಾವು ವೋಲ್ವೋ ಕೊಂಡಿಲ್ಲ ನಿಜ, ಅದರ ಅತಿ ಬೆಲೆಬಾಳುವ ಭಾಗ ನಮ್ಮ ಕಾರಿನಲ್ಲೇ ಇದೆ.

ಕೊಟ್ಟದ್ದು ಕೆಲಸ ಮಾಡುತ್ತದೆಯೇ ಎಂದೂ ಅವರು ನೋಡಿದರು. ಸ್ವೀಡನ್ನಿನಲ್ಲಿ ವೋಲ್ವೋ ಕಾರುಗಳಿಗಾದ 28,000 ಅಪಘಾತಗಳ ಲೆಕ್ಕ ತೆಗೆದು 1967ರಲ್ಲಿ ಪ್ರಕಟಿಸಿದರು. ಪಟ್ಟಿ ಹಾಕದವರು ಎಷ್ಟು ನಿಧಾನದ ಡಿಕ್ಕಿಯಲ್ಲೂ ತೀರಿಕೊಂಡಿದ್ದರು. ಪಟ್ಟಿ ಹಾಕಿದವರಲ್ಲಿ ಗಂಟೆಗೆ ಸುಮಾರು 96 ಕಿ.ಮೀ. ಒಳಗಿನ ವೇಗದಲ್ಲಿ ಒಬ್ಬರೂ ಸತ್ತಿರಲಿಲ್ಲ. ಮಕ್ಕಳಿಗಾಗಿ ಹಿಮ್ಮುಖವಾಗಿ ಕೂರುವ ಕುರ್ಚಿಯ ಪ್ರಯೋಗವನ್ನೂ 1964ರಲ್ಲೇ ಮಾಡಿದ್ದರು. 1970ರಿಂದ ಅವರದೊಂದು ತಂಡ ಗೋಥೆನ್‌ಬರ್ಗ್ ಸುತ್ತಮುತ್ತ ಅಪಘಾತವಾದಲ್ಲಿಗೇ ಹೋಗಿ ಗಾಡಿ ಏನಾಯಿತು, ಒಳಗಿದ್ದವರಿಗೆ ಎಲ್ಲೆಲ್ಲಿ ಪೆಟ್ಟಾಯಿತು ಎಂದು ಬರೆದುಕೊಂಡು ಬರುತ್ತದೆ. ನನಗೆ ಹೊಳೆಯುವ ಹೆಡ್‌ಲೈಟಿಗಿಂತ ಈ ಬರೆದುಕೊಳ್ಳುವ ಚಾಳಿಯ ಮೇಲೆ ಗೌರವ ಹೆಚ್ಚು.

ವೋಲ್ವೋ ಬಾಳಿಕೆಯ ಬಗ್ಗೆ ಹೇಳುವಾಗ ಎಲ್ಲರೂ ನೆನೆಯುವ ಮಾಲೀಕನೊಬ್ಬನಿದ್ದ. ಸಿನಿಮಾ ನಟನಲ್ಲ, ನಮ್ಮಂಥ ಶಾಲಾ ಮಾಸ್ತರ. ಅಮೆರಿಕದ ನ್ಯೂಯಾರ್ಕ್ ಹತ್ತಿರದ ಇರ್ವ್ ಗಾರ್ಡನ್, ಕಲಿಸುತ್ತಿದ್ದದ್ದು ವಿಜ್ಞಾನ. 1966ರಲ್ಲಿ ಕೆಂಪು ಬಣ್ಣದ ವೋಲ್ವೋ ಕೊಂಡ, ದಿನವೂ ಶಾಲೆಗೆ ಅದರಲ್ಲೇ ದೂರದ ಓಡಾಟ. 2013ರಲ್ಲಿ ಆ ಒಂದೇ ಕಾರು 30 ಲಕ್ಷ ಮೈಲು ಮುಟ್ಟಿತು. ನಮ್ಮ ಲೆಕ್ಕದಲ್ಲಿ 48 ಲಕ್ಷ ಕಿ.ಮೀ., ಭೂಮಿಯನ್ನು 120 ಸಲ ಸುತ್ತಿದಷ್ಟು. ಜಮಖಂಡಿಯಿಂದ ಬೆಂಗಳೂರಿಗೆ ಹೋಗಿ ಬರುವುದು ಸಾವಿರ ಕಿ.ಮೀ. ಎಂದು ಹಿಡಿದರೆ, ಒಂದು ದಿನವೂ ಬಿಡದೆ 13 ವರ್ಷ ಹೋಗಿ ಬಂದ ಹಾಗೆ. ಗುಟ್ಟೇನು ಎಂದರೆ ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಿಸುವುದು, ಕೈಪಿಡಿಯಲ್ಲಿ ಬರೆದಂತೆ ನಡೆದುಕೊಳ್ಳುವುದು. ಮಾಸ್ತರರ ಬುದ್ಧಿ!

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಏನೂ ಆಗುವುದಿಲ್ಲವೇ? ಆಗುತ್ತದೆ, ಮಗೂ. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ವೋಲ್ವೋ ಬಸ್ಸು ಮಹಬೂಬ್‌ನಗರದ ಹತ್ತಿರ ಮೋರಿಗೆ ಬಡಿದು ಹೊತ್ತಿ ಉರಿಯಿತು, 45 ಜನ ತೀರಿಕೊಂಡರು. ಎರಡು ವಾರದಲ್ಲಿ ನಮ್ಮ ಹಾವೇರಿಯ ಬಳಿ ಮತ್ತೊಂದು ಬಸ್ಸು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೆಂಪು ಸುತ್ತಿಗೆ ತೂಗುಹಾಕಿರುತ್ತಾರೆ, ಗಾಜು ಒಡೆದು ಹೊರಬರಲು. ಇನ್ನು ಮೇಲೆ ಹತ್ತಿದ ಕೂಡಲೇ ಅದು ಎಲ್ಲಿದೆ, ತುರ್ತು ಬಾಗಿಲು ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿರಿ. ಇಲ್ಲದಿದ್ದರೆ ಕಂಡಕ್ಟರನನ್ನು ಕೇಳಿರಿ. ಕೇಳಲು ನಾಚಿಕೆ ಬೇಡ.

2024ರ ಡಿಸೆಂಬರ್ 21ರ ಸುದ್ದಿಯನ್ನು ದೊಡ್ಡವರು ಮರೆತಿರಲಾರರು. ಬೆಂಗಳೂರಿನಿಂದ ತಮ್ಮ ಊರಿಗೆ ಹೊರಟಿದ್ದ ಒಂದು ಕುಟುಂಬ. ನೆಲಮಂಗಲದ ಹತ್ತಿರ ರಸ್ತೆಯ ಆಚೆ ಬದಿಯಿಂದ ವಿಭಜಕ ದಾಟಿ ಬಂದ ಕಂಟೇನರ್ ಲಾರಿ ಅವರ ಕಾರಿನ ಮೇಲೆಯೇ ಮಗುಚಿತು. ಆರೂ ಜನ ಹೋದರು, ಮಕ್ಕಳೂ ಇದ್ದರು. ಅದು ವೋಲ್ವೋ ಕಾರೇ, ದೊಡ್ಡದು. "ಇಷ್ಟು ದುಡ್ಡು ಕೊಟ್ಟರೂ ಹಿಂಗಾದ್ರ ಏನ್ ಪ್ರಯೋಜನ?" ಎಂದು ನಮ್ಮ ಕಟ್ಟೆಯ ಮೇಲೂ ಮಾತಾಯಿತು. ಹತ್ತಾರು ಟನ್ ಮೇಲಿಂದ ಬಿದ್ದರೆ ತಡೆಯುವ ಕಾರನ್ನು ಯಾರೂ ಮಾಡಿಲ್ಲ. ಅಲ್ಲಿ ಕೇಳಬೇಕಾದದ್ದು ಲಾರಿಯ ವೇಗ, ರಸ್ತೆಯ ವಿಭಜಕ, ನಡುವಿನ ಅಂತರ ಇವುಗಳ ಬಗ್ಗೆ. ವೋಲ್ವೋ ಕಾರಿನವರೇ 2020ರಿಂದ ತಮ್ಮ ಹೊಸ ಕಾರುಗಳು ಗಂಟೆಗೆ 180 ಕಿ.ಮೀ. ಮೀರದಂತೆ ಕಟ್ಟಿಹಾಕಿದ್ದಾರೆ. ಬರೀ ಯಂತ್ರದ ಜಾಣತನದಿಂದ ಸಾವು ಸೊನ್ನೆಗೆ ಬರುವುದಿಲ್ಲವೆಂದು ಅವರಿಗೂ ಗೊತ್ತಾಗಿದೆ.

ಇನ್ನೊಂದು ಸುದ್ದಿಯೂ ನೆನಪಿರಲಿ. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಅವರಿದ್ದ ಕಾರು ಪಾಲ್ಘರ್ ಬಳಿ ಸೇತುವೆಯ ಗೋಡೆಗೆ ಬಡಿಯಿತು. ಅದೂ ಸುರಕ್ಷೆಗೆ ಹೆಸರಾದ ದುಬಾರಿ ಕಾರೇ. ಮುಂದೆ ಕೂತ ಇಬ್ಬರು ಗಾಯಗೊಂಡರೂ ಬದುಕಿದರು, ಹಿಂದೆ ಕೂತ ಇಬ್ಬರೂ ತೀರಿಕೊಂಡರು. ಹಿಂದಿನವರು ಪಟ್ಟಿ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು.

ಅಜ್ಜಂದಿರೇ, ಈಗ ನಿಮ್ಮ ಜೊತೆ ನಾಲ್ಕು ಮಾತು. ನಮ್ಮ ಕಾಲದಲ್ಲಿ ಕಾರೆಂದರೆ ಅಂಬಾಸಡರ್. ಲಗ್ನದ ಹಂಗಾಮಿನಲ್ಲಿ ಒಂದರಲ್ಲಿ ಹನ್ನೊಂದು ಮಂದಿ ತುಂಬಿದ್ದು ನನಗೇ ಗೊತ್ತು. "ಏನ್ ಗಟ್ಟಿ ಗಾಡಿ, ಗುದ್ದಿದ್ರೂ ಸೊಟ್ಟ ಆಗೂದಿಲ್ಲ" ಎಂದು ಹೊಗಳುತ್ತಿದ್ದೆವು. ಈಗಿನ ಕಾರಿನ ಮೂತಿ ಮುಟ್ಟಿದರೆ ನಜ್ಜಾಗುತ್ತದೆ ಎಂದು ಬೈಯುತ್ತೇವೆ. ಕುಂಬಾರನು ಗಡಿಗೆಗಳನ್ನು ಸಂತೆಗೆ ಒಯ್ಯುವಾಗ ನಡುನಡುವೆ ಹುಲ್ಲು ತುರುಕುತ್ತಾನಲ್ಲ, ಗಾಡಿ ಎತ್ತಿ ಹಾಕಿದಾಗ ಹುಲ್ಲು ಅಮರಿಕೊಳ್ಳುತ್ತದೆ, ಗಡಿಗೆ ಉಳಿಯುತ್ತದೆ. ಹೊಸ ಕಾರಿನ ಮೂತಿ ಆ ಹುಲ್ಲು. ನಜ್ಜಾಗಲೆಂದೇ ಅದನ್ನು ಮಾಡಿದ್ದು. ಆದರೆ ಗಡಿಗೆ ಹುಲ್ಲಿನ ಮೇಲೆ ಕಟ್ಟಿಕೊಂಡು ಕೂತಿರಬೇಕು, ಸಡಿಲವಾಗಿ ಕುಣಿಯುತ್ತಿದ್ದರೆ ಹುಲ್ಲಿದ್ದೂ ವ್ಯರ್ಥ.

ಗಂಟೆಗೆ 60 ಕಿ.ಮೀ. ವೇಗದಲ್ಲಿ ಗೋಡೆಗೆ ಬಡಿಯುವುದೆಂದರೆ 14 ಮೀಟರ್ ಎತ್ತರದಿಂದ, ಅಂದರೆ ನಾಲ್ಕು ಅಂತಸ್ತಿನ ಮಾಳಿಗೆಯಿಂದ, ನೆಲಕ್ಕೆ ಬಿದ್ದಂತೆ. ಹತ್ತನೇ ಇಯತ್ತೆಯವರು ಲೆಕ್ಕ ಹಾಕಿ ನೋಡಿರಿ, ಹೊಂದುತ್ತದೆ. "ಕೂಸು ನನ್ನ ತೊಡಿ ಮ್ಯಾಲ ಐತಿ, ಗಟ್ಟಿ ಹಿಡಕೊಂಡೀನಿ" ಎನ್ನುವ ಅಜ್ಜಿಯಂದಿರಿಗೆ ಇನ್ನೊಂದು ಲೆಕ್ಕ. 40ರ ವೇಗದಲ್ಲಿ ಬಂದ ಕಾರು ಬಡಿದು ಅರ್ಧ ಮೀಟರಿನೊಳಗೆ ನಿಂತರೆ, ಆ ಗಳಿಗೆಯಲ್ಲಿ ಹತ್ತು ಕಿಲೋದ ಕೂಸು ಒಂದು ಚೀಲ ಜೋಳಕ್ಕಿಂತ ಹೆಚ್ಚಿನ ಭಾರದಿಂದ ಕೈಯಿಂದ ಜಗ್ಗುತ್ತದೆ. ಅಷ್ಟನ್ನು ಹಿಡಿಯುವ ಕೈ ಯಾರಿಗಿದೆ?

ಹೋದ ವರ್ಷ ಕಬ್ಬಿನ ಹಂಗಾಮಿನಲ್ಲಿ ನಮ್ಮ ಮನೆತನದಲ್ಲೇ ಒಂದು ನಡೆಯಿತು. ನನ್ನ ತಂಗಿ, ಅವಳ ಮಗ, ಮೊಮ್ಮಗಳು ಬೀಳಗಿಯಲ್ಲಿ ಲಗ್ನ ಮುಗಿಸಿಕೊಂಡು ರಾತ್ರಿ ಮುಧೋಳಕ್ಕೆ ಬರುತ್ತಿದ್ದರು. ಮುಂದೆ ಎರಡು ಟ್ರೇಲರ್ ಕಬ್ಬು ಎಳೆಯುತ್ತ ಹೊರಟ ಟ್ರ್ಯಾಕ್ಟರು. ಹಿಂದೆ ದೀಪವಿಲ್ಲ, ರೇಡಿಯಂ ಪಟ್ಟಿಯಿಲ್ಲ, ಕಬ್ಬಿನ ರವದಿ ನೆಲದತನಕ ಜೋತು ಬಿದ್ದಿದೆ. ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದು ಸರಿದಾಗ ಟ್ರೇಲರು ಮೂಗಿನ ಮುಂದೆಯೇ ಇತ್ತು. ಬ್ರೇಕ್ ಒತ್ತಿದ್ದಕ್ಕೆ ವೇಗ ಇಳಿದಿತ್ತು, ಆದರೂ ಬಡಿಯಿತು. ಮಗನಿಗೆ ಪಟ್ಟಿ ಇತ್ತು, ಮುಂದಿನ ಸೀಟಿನದು ಹಾಕದಿದ್ದರೆ ಕಾರು ಕಿರಿಕಿರಿ ಕೂಗುತ್ತದಲ್ಲ. ಹಿಂದೆ ಕೂತ ಹುಡುಗಿ ಹಟಮಾಡಿ ಹಾಕಿಕೊಂಡಿದ್ದಳು, ಶಾಲೆಯಲ್ಲಿ ಹೇಳಿದ್ದಾರೆಂದು. ಅವಳಿಗೆ ಹೆಗಲಿನಿಂದ ಎದೆಗೆ ಒಂದು ಕೆಂಪು ಬರೆ, ನಾಲ್ಕು ದಿನಕ್ಕೆ ಮಾಯಿತು. ಪಕ್ಕದಲ್ಲಿದ್ದ ತಂಗಿ ಪಟ್ಟಿ ಇಲ್ಲದೆ ಮುಂದಿನ ಸೀಟಿಗೆ ಅಪ್ಪಳಿಸಿದಳು. ಹೆಗಲ ಮುಂದಿನ ಎಲುಬು ಮುರಿಯಿತು, ಪಕ್ಕೆಯ ಎಲುಬು ಎರಡು. ಮೂರು ತಿಂಗಳು ರೊಟ್ಟಿ ಬಡಿಯಲಾಗಲಿಲ್ಲ.

ನೋಡಲು ಹೋದಾಗ ಹೇಳಿದಳು, "ಹೊಸ ಇಳಕಲ್ಲ ಸೀರಿ ಅಣ್ಣಾ, ಮುದುಡತೈತಿ ಅಂತ ಹಾಕ್ಕೊಳ್ಳಲಿಲ್ಲ."

"ಈಗ ಎಲ್ಲೈತಿ ಆ ಸೀರಿ?"

"ಆಸ್ಪತ್ರ್ಯಾಗ ಕತ್ತರಿ ಹಾಕಿ ತಗದ್ರು."

ನಗಬೇಕೋ ಅಳಬೇಕೋ ತಿಳಿಯದೆ ಇಬ್ಬರೂ ನಕ್ಕೆವು. ನಕ್ಕರೆ ಅವಳಿಗೆ ಪಕ್ಕೆ ನೋಯುತ್ತಿತ್ತು, ಸಾಕು ಮಾಡೆಂದು ಬೈದಳು.

ಕಬ್ಬಿನ ಗಾಡಿಯವರಿಗೂ ಒಂದು ಮಾತು ಹೇಳಲೇಬೇಕು. ಮನೆಯಲ್ಲಿ ಟ್ರ್ಯಾಕ್ಟರ್ ಇರುವ ಮಕ್ಕಳೇ, ಈ ಕೆಲಸ ನಿಮ್ಮದು. ಟ್ರೇಲರಿನ ಹಿಂಬದಿಗೆ ಕೆಂಪು ರೇಡಿಯಂ ಪಟ್ಟಿ ಅಂಟಿಸಿದ್ದಾರೋ ಇಲ್ಲವೋ ನೋಡಿರಿ, ಧೂಳು ಹಿಡಿದಿದ್ದರೆ ಒದ್ದೆ ಅರಿವೆಯಿಂದ ಒರೆಸಿರಿ. ರವದಿ ಅದನ್ನು ಮುಚ್ಚದಂತೆ ಕಬ್ಬು ಹೇರಲು ಅಪ್ಪನಿಗೆ ಹೇಳಿರಿ. ಎರಡು ಟ್ರೇಲರ್ ಇದ್ದರೆ ಎರಡಕ್ಕೂ ಬೇಕು.

ಪಟ್ಟಿ ಹಾಕಿಕೊಳ್ಳುವ ರೀತಿಯೂ ಇದೆ. ಕೆಳಗಿನ ಎಳೆ ಹೊಟ್ಟೆಯ ಮೇಲಲ್ಲ, ಅದರ ಕೆಳಗೆ ಸೊಂಟದ ಎಲುಬಿನ ಮೇಲೆ ಬಿಗಿಯಾಗಿ ಬರಬೇಕು, ಬಸುರಿಯರಿಗೂ ಹಾಗೆಯೇ. ಮೇಲಿನದು ಕುತ್ತಿಗೆಗೆ ಒರೆಯದೆ ಹೆಗಲ ನಡುವಿನಿಂದ ಹಾಯಬೇಕು. ಕಿರಿಕಿರಿಯೆಂದು ಕಂಕುಳ ಕೆಳಗೆ ತೂರಿಸಬಾರದು. ಮಕ್ಕಳು ಗಿಡ್ಡವಿದ್ದು ಪಟ್ಟಿ ಕುತ್ತಿಗೆಗೆ ಬರುತ್ತಿದ್ದರೆ ಅವರಿಗೆಂದೇ ಮಾಡಿದ ಎತ್ತರದ ಕುರ್ಚಿ ಬೇಕು, ತಲೆದಿಂಬು ಸಾಲದು. 2019ರ ಕಾಯ್ದೆ ತಿದ್ದುಪಡಿಯಂತೆ 14 ವರ್ಷದೊಳಗಿನ ಮಕ್ಕಳನ್ನು ಪಟ್ಟಿ ಅಥವಾ ಮಕ್ಕಳ ಕುರ್ಚಿ ಇಲ್ಲದೆ ಕೂರಿಸಿದರೆ 1,000 ರೂಪಾಯಿ ದಂಡ. ಕೂಗು ನಿಲ್ಲಿಸಲೆಂದು ಬರೀ ಕೊಂಡಿಯನ್ನು ಸಿಕ್ಕಿಸುವವರಿದ್ದಾರಲ್ಲ, ಅಂಥ ಕೊಂಡಿಗಳ ಮಾರಾಟ ನಿಲ್ಲಿಸಲು 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಗೆ ಆದೇಶಿಸಿತು. ಜೀವ ಉಳಿಸುವ ಕೂಗನ್ನು ದುಡ್ಡು ಕೊಟ್ಟು ಬಾಯಿ ಮುಚ್ಚಿಸುವ ಬುದ್ಧಿ ನಮಗೆ ಎಲ್ಲಿಂದ ಬಂತೋ.

ನಮ್ಮ ಕಡೆಯ ಬಹಳಷ್ಟು ಕಾರುಗಳಲ್ಲಿ ಹಿಂದಿನ ಪಟ್ಟಿ ಇರುವುದೇ ಕಾಣುವುದಿಲ್ಲ. ಕಾರು ಕೊಂಡ ವಾರದಲ್ಲಿ ಮೆತ್ತನೆಯ ಸೀಟ್ ಕವರ್ ಹಾಕಿಸುತ್ತೇವೆ, ಪಟ್ಟಿಯ ಕೊಂಡಿ ಅದರಡಿ ಹೂತುಹೋಗುತ್ತದೆ. ಈ ಅಂಕಣ ಬರೆಯಲು ಕೂತಾಗ ನನ್ನ ಮೊಮ್ಮಗಳಿಗೆ ನಮ್ಮ ಓಣಿಯ ಬಾಡಿಗೆ ಕಾರಿನಲ್ಲಿ ಹುಡುಕಿಬಾ ಎಂದು ಕಳಿಸಿದೆ, ಕಾರಿನವನ ಅಪ್ಪಣೆ ಕೇಳಿಯೇ. ಕವರಿನಡಿ ಕೈ ಹಾಕಿ ಅರ್ಧ ತಾಸು ಜಗ್ಗಾಡಿದಳು. ಒಂದು ರೂಪಾಯಿಯ ಎರಡು ನಾಣ್ಯ, ಶೇಂಗಾ ಸಿಪ್ಪೆ, ಯಾರದೋ ಕಿವಿಯ ಬೆಂಡೋಲೆಯ ತಿರುಪು, ಹೋದ ಜಾತ್ರೆಯ ಬೆಂಡು-ಬತ್ತಾಸಿನ ಪುಡಿ ಸಿಕ್ಕವು. ಆಮೇಲೆ ಪಟ್ಟಿ ಮೂರೂ ಹೊರಬಂದವು. ಕಾರು ಕೊಂಡು ಎಂಟು ವರ್ಷವಾಗಿದೆ, ಪಟ್ಟಿಗಳು ಇನ್ನೂ ಹೊಸದರ ಹಾಗೆ ಕರ್ರಗೆ ಹೊಳೆಯುತ್ತಿದ್ದವು.